ನರಕೋಶಗಳ ಅವನತಿ ಮತ್ತು ಆಲ್ಝೈಮರ್ ಕಾಯಿಲೆ

ಆಲ್ಝೈಮರ್ ಕಾಯಿಲೆ ಮಿದುಳಿನ ನರಕೋಶಗಳು ವರ್ಷಗಟ್ಟಲೆ ಸೊರಗುತ್ತ ಬಂದು ಕೊನೆಗೆ ಸಾಯುವ ರೋಗ. ಮರೆಗುಳಿತನ ಅಥವಾ ಡಿಮೆನ್ಶಿಯಾ ಎಂದು ಕರೆಯುವ ಸ್ಥಿತಿಗೆ ಇದೇ ಅತಿ ಸಾಮಾನ್ಯ ಕಾರಣ. ಮೊದಲು ಇತ್ತೀಚಿನ ಸಂಗತಿಗಳ ನೆನಪು ಹೋಗುತ್ತದೆ, ಆಮೇಲೆ ಪದಗಳು ತೋಚದಾಗುತ್ತವೆ, ಪರಿಚಿತ ದಾರಿ ತಪ್ಪುತ್ತದೆ, ಕೊನೆಯ ಹಂತದಲ್ಲಿ ನಡೆಯುವುದು, ನುಂಗುವುದು ಕೂಡ ಕಷ್ಟವಾಗುತ್ತದೆ. ಇದೆಲ್ಲದರ ಬೇರು ನರಕೋಶದ ಒಂದು ಮೂಲಭೂತ ಮಿತಿಯಲ್ಲಿದೆ. ಚರ್ಮದ, ಕರುಳಿನ ಕೋಶಗಳು ಕೆಲವೇ ದಿನ ಅಥವಾ ವಾರಗಳಲ್ಲಿ ಉದುರಿ ಅವುಗಳ ಜಾಗಕ್ಕೆ ಹೊಸವು ಬರುತ್ತವೆ. ಮಿದುಳಿನ ಹೊರಪದರದ ನರಕೋಶಗಳಿಗೆ ಆ ಅನುಕೂಲವಿಲ್ಲ. ಹುಟ್ಟುವಾಗ ಇದ್ದವೇ ಎಂಬತ್ತು ವರ್ಷ ಬಾಳಬೇಕು. ಹಾಗಾಗಿ ತಮ್ಮೊಳಗೆ ಕೆಟ್ಟುಹೋದ ಪ್ರೋಟೀನುಗಳನ್ನು ಅವು ದಿನವೂ ಗುರುತಿಸಿ, ಒಡೆದು, ಹೊರಹಾಕಬೇಕು. ಈ ಕೆಲಸ ಹಿಂದೆ ಬಿದ್ದಾಗ ತಪ್ಪಾಗಿ ಮಡಚಿಕೊಂಡ ಪ್ರೋಟೀನುಗಳು ಒಂದಕ್ಕೊಂದು ಅಂಟಿಕೊಂಡು ಕರಗದ ಎಳೆಗಳಾಗುತ್ತವೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಹೀಗೆ ಕೂಡಿಕೊಳ್ಳುವುದು ಆಲ್ಫಾ-ಸೈನ್ಯೂಕ್ಲಿನ್, ಹಂಟಿಂಗ್ಟನ್ ಕಾಯಿಲೆಯಲ್ಲಿ ಹಂಟಿಂಗ್ಟಿನ್, ಎಎಲ್‌ಎಸ್ ಎಂಬ ಸ್ನಾಯುಗಳನ್ನು ಬಲಹೀನಗೊಳಿಸುವ ನರರೋಗದಲ್ಲಿ ಬಹುಪಾಲು ಟಿಡಿಪಿ-43. ಆಲ್ಝೈಮರ್ ಕಾಯಿಲೆಯ ವೈಶಿಷ್ಟ್ಯವೆಂದರೆ ಇದರಲ್ಲಿ ಎರಡು ಪ್ರೋಟೀನುಗಳಿವೆ: ನರಕೋಶಗಳ ಹೊರಗೆ ಬೀಟಾ-ಅಮಿಲಾಯ್ಡ್, ಒಳಗೆ ಟೌ.

ಇವೆರಡರಲ್ಲಿ ಯಾವುದು ನಿಜವಾದ ಕಾರಣ ಎಂಬ ಜಗಳ ನಾಲ್ಕು ದಶಕಗಳಿಂದ ನಡೆದಿದೆ. ಆ ಪ್ರಶ್ನೆಯನ್ನು ಕೇಳಿದ ರೀತಿಯೇ ಸರಿಯಿಲ್ಲ ಎಂಬುದು ಈ ಲೇಖನದ ವಾದ. ಆಲ್ಝೈಮರ್ ಎನ್ನುವುದು ಒಂದೇ ಏಟಿಗೆ ಆಗುವ ಹಾನಿಯಲ್ಲ, ಇಪ್ಪತ್ತು ವರ್ಷಗಳಷ್ಟು ದೀರ್ಘವಾದ ಒಂದು ಸರಣಿ. ಅದನ್ನು ಶುರು ಮಾಡುವುದು ಅಮಿಲಾಯ್ಡ್. ನರಕೋಶಗಳನ್ನು ಕೊಲ್ಲುವುದು ಟೌ. ಮೊದಲನೆಯದು ಎರಡನೆಯದಕ್ಕೆ ದಾರಿ ಮಾಡಿಕೊಡುವುದೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಮಿದುಳಿನ ಪಾಲಕ ಕೋಶಗಳು. ಒಂದು ಹಂತದಲ್ಲಿ ಕಾರಣವಾಗಿದ್ದದ್ದು ಮುಂದಿನ ಹಂತದಲ್ಲಿ ಕಾರಣವಾಗಿ ಉಳಿಯದೆ ಹೋಗಬಹುದು. ಇದನ್ನು ಒಪ್ಪಿಕೊಂಡರೆ ಈ ಕ್ಷೇತ್ರದಲ್ಲಿ ಪರಸ್ಪರ ವಿರುದ್ಧವೆಂದು ಕಾಣುವ ಬಹಳಷ್ಟು ಪುರಾವೆಗಳು ಒಂದೇ ಕಥೆಯ ಬೇರೆ ಬೇರೆ ಭಾಗಗಳಾಗಿ ಹೊಂದಿಕೊಳ್ಳುತ್ತವೆ. ಚಿಕಿತ್ಸೆಯ ಸೋಲು-ಗೆಲುವುಗಳಿಗೂ ಆಗ ಅರ್ಥ ಸಿಗುತ್ತದೆ.

1901ರ ನವೆಂಬರ್‌ನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಮಾನಸಿಕ ಆಸ್ಪತ್ರೆಗೆ ಔಗುಸ್ಟೆ ಡೇಟರ್ ಎಂಬ 51 ವರ್ಷದ ಮಹಿಳೆಯನ್ನು ಸೇರಿಸಲಾಯಿತು. ಅಲ್ಲಿನ ವೈದ್ಯ ಅಲೋಯಿಸ್ ಆಲ್ಝೈಮರ್ ಆಕೆಯನ್ನು ಪ್ರಶ್ನಿಸಿ ಬರೆದಿಟ್ಟ ಟಿಪ್ಪಣಿಗಳು ಇಂದಿಗೂ ಉಳಿದಿವೆ. ಮಧ್ಯಾಹ್ನ ಹೂಕೋಸು ಮತ್ತು ಹಂದಿಮಾಂಸದ ಊಟ ಮಾಡುತ್ತಿದ್ದಾಗ ಏನು ತಿನ್ನುತ್ತಿದ್ದೀರಿ ಎಂದು ಕೇಳಿದರೆ ಆಕೆ ಪಾಲಕ್ ಎಂದು ಉತ್ತರಿಸಿದ್ದರು. 1906ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡ ಮೇಲೆ ಆಲ್ಝೈಮರ್ ಆಕೆಯ ಮಿದುಳಿನ ತೆಳು ಪದರಗಳಿಗೆ ಬೆಳ್ಳಿಯ ಲವಣದ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೋಶಗಳ ನಡುವೆ ಚುಕ್ಕೆಚುಕ್ಕೆಯಾಗಿ ಹರಡಿದ ನಿಕ್ಷೇಪಗಳಿದ್ದವು. ಕೋಶಗಳ ಒಳಗೆ ಎಳೆಗಳ ಗೋಜಲುಗಳಿದ್ದವು. ಕೆಲವು ಕಡೆ ಕೋಶ ಪೂರ್ತಿ ಅಳಿದು ಗೋಜಲಷ್ಟೇ ಉಳಿದಿತ್ತು. ಅದೇ ವರ್ಷದ ನವೆಂಬರ್ 3ರಂದು ಟ್ಯೂಬಿಂಗೆನ್‌ನಲ್ಲಿ ನಡೆದ ಮನೋವೈದ್ಯರ ಸಭೆಯಲ್ಲಿ ಇದನ್ನು ಮಂಡಿಸಿದರು. 1910ರಲ್ಲಿ ಎಮಿಲ್ ಕ್ರೇಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಈ ಕಾಯಿಲೆಗೆ ಆಲ್ಝೈಮರ್ ಅವರ ಹೆಸರಿಟ್ಟರು. ಆದರೆ ಮುಂದಿನ ಅರ್ಧ ಶತಮಾನ ಇದನ್ನು ನಡುವಯಸ್ಸಿನವರಿಗೆ ಬರುವ ಅಪರೂಪದ ರೋಗವೆಂದೇ ಎಣಿಸಲಾಯಿತು. ವಯಸ್ಸಾದವರ ಮರೆವನ್ನು ಮುಪ್ಪಿನ ಲೆಕ್ಕಕ್ಕೆ ಬರೆದುಬಿಟ್ಟರು. 1960ರ ದಶಕದಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಬ್ಲೆಸ್ಡ್, ಟಾಮ್ಲಿನ್ಸನ್ ಮತ್ತು ರಾತ್ ವೃದ್ಧರ ಮಿದುಳುಗಳನ್ನು ಪರೀಕ್ಷಿಸಿ, ಅವರಲ್ಲೂ ಇರುವುದು ಅದೇ ನಿಕ್ಷೇಪಗಳು, ಅವುಗಳ ಸಂಖ್ಯೆಗೂ ಮರೆವಿನ ತೀವ್ರತೆಗೂ ಸಂಬಂಧವಿದೆ ಎಂದು ತೋರಿಸಿದ ಮೇಲೆ ಆ ಎಣಿಕೆ ಬದಲಾಯಿತು.

ನಿಕ್ಷೇಪದಲ್ಲಿರುವ ವಸ್ತು ಯಾವುದು ಎಂದು ಗೊತ್ತಾಗಲು 1984ರವರೆಗೆ ಕಾಯಬೇಕಾಯಿತು. ಅಮೆರಿಕದ ಜಾರ್ಜ್ ಗ್ಲೆನ್ನರ್ ಮತ್ತು ಕೇನ್ ವಾಂಗ್ ರೋಗಿಗಳ ಮಿದುಳಿನ ಹೊದಿಕೆಯ ರಕ್ತನಾಳಗಳಿಂದ ಒಂದು ಚಿಕ್ಕ ಪ್ರೋಟೀನು ತುಣುಕನ್ನು ಬೇರ್ಪಡಿಸಿದರು. ಅದೇ ಬೀಟಾ-ಅಮಿಲಾಯ್ಡ್. ಅದು ಹುಟ್ಟುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಮುಂದಿನ ವಾದವೆಲ್ಲ ಇದರ ಮೇಲೆ ನಿಂತಿದೆ. ನರಕೋಶದ ಪೊರೆಗೆ ಅಡ್ಡವಾಗಿ ನಿಂತಿರುವ ಎಪಿಪಿ ಎಂಬ ದೊಡ್ಡ ಪ್ರೋಟೀನನ್ನು ಕಿಣ್ವಗಳು ಎರಡು ರೀತಿಯಲ್ಲಿ ಕತ್ತರಿಸುತ್ತವೆ. ಹೆಚ್ಚಿನ ಸಲ ಆಲ್ಫಾ-ಸೆಕ್ರಿಟೇಸ್ ಎಂಬ ಕಿಣ್ವ ಅಮಿಲಾಯ್ಡ್ ಭಾಗದ ನಡುವೆಯೇ ಕತ್ತರಿಸುವುದರಿಂದ ಅಪಾಯದ ತುಣುಕು ಹುಟ್ಟುವುದೇ ಇಲ್ಲ. ಕೆಲವು ಸಲ ಬೀಟಾ-ಸೆಕ್ರಿಟೇಸ್ ಮೊದಲು ಕೈಹಾಕುತ್ತದೆ. ಆಗ ಪೊರೆಯಲ್ಲಿ 99 ಅಮೈನೋ ಆಮ್ಲಗಳ ಮೋಟು ಉಳಿಯುತ್ತದೆ. ಅದನ್ನು ಗಾಮಾ-ಸೆಕ್ರಿಟೇಸ್ ಪೊರೆಯ ಒಳಗೇ ಹಿಡಿದು ಮೊದಲು 48ನೆಯ ಅಥವಾ 49ನೆಯ ಸ್ಥಾನದಲ್ಲಿ ಕತ್ತರಿಸಿ, ಆಮೇಲೆ ಸಾಮಾನ್ಯವಾಗಿ ಮೂರು ಮೂರು ಅಮೈನೋ ಆಮ್ಲಗಳಂತೆ ಸವರುತ್ತ ಬರುತ್ತದೆ: 49, 46, 43, 40 ಒಂದು ಸಾಲು, 48, 45, 42 ಇನ್ನೊಂದು. 40ಕ್ಕೆ ನಿಂತ ತುಣುಕು ಬಹುಪಾಲು ಕರಗಿ ಹೊರಟುಹೋಗುತ್ತದೆ. 42ಕ್ಕೆ ನಿಂತ ತುಣುಕಿನ ತುದಿಯಲ್ಲಿ ನೀರನ್ನು ದೂರವಿಡುವ ಎರಡು ಅಮೈನೋ ಆಮ್ಲಗಳು ಹೆಚ್ಚಿಗೆ ಇರುತ್ತವೆ. ಆ ಎರಡರಿಂದಾಗಿಯೇ ಅದು ಬೇಗ ತನ್ನಂಥ ಇತರ ತುಣುಕುಗಳಿಗೆ ಅಂಟಿಕೊಳ್ಳುತ್ತದೆ. ಮೊದಲು ಕೆಲವೇ ತುಣುಕುಗಳ ಕರಗಬಲ್ಲ ಗುಂಪುಗಳು, ಆಮೇಲೆ ಉದ್ದನೆಯ ಎಳೆಗಳು, ಕೊನೆಗೆ ಪ್ಲೇಕ್ ಎಂದು ಕರೆಯುವ ನಿಕ್ಷೇಪ.

ಈ ತುಣುಕು ಕಾಯಿಲೆಯ ಆರಂಭದಲ್ಲಿದೆ, ಪರಿಣಾಮವಾಗಿ ಆಮೇಲೆ ಬಂದದ್ದಲ್ಲ ಎಂಬುದಕ್ಕೆ ಅತಿ ಗಟ್ಟಿಯಾದ ಸಾಕ್ಷಿ ವಂಶವಾಹಿಗಳದ್ದು. ಎಪಿಪಿ ಜೀನ್ ಇರುವುದು 21ನೆಯ ವರ್ಣತಂತುವಿನಲ್ಲಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ಈ ವರ್ಣತಂತು ಮೂರು ಇರುತ್ತವೆ. ನಲವತ್ತು ವರ್ಷ ದಾಟುವ ಹೊತ್ತಿಗೆ ಅವರಲ್ಲಿ ಹೆಚ್ಚುಕಡಿಮೆ ಎಲ್ಲರ ಮಿದುಳಿನಲ್ಲೂ ಆಲ್ಝೈಮರ್ ಲಕ್ಷಣದ ನಿಕ್ಷೇಪಗಳು ಕಾಣುತ್ತವೆ. ಎಪಿಪಿ ಜೀನ್ ಇರುವ ಚೂರು ಮಾತ್ರ ಹೆಚ್ಚುವರಿಯಾಗಿರದ ಅಪರೂಪದ ಡೌನ್ ಸಿಂಡ್ರೋಮ್ ಮಹಿಳೆಯೊಬ್ಬರು 78 ವರ್ಷ ಬದುಕಿಯೂ ಈ ಕಾಯಿಲೆಗೆ ತುತ್ತಾಗಲಿಲ್ಲ. ಅದಕ್ಕೆ ತದ್ವಿರುದ್ಧವಾಗಿ, ಡೌನ್ ಸಿಂಡ್ರೋಮ್ ಇಲ್ಲದೆ ಎಪಿಪಿ ಜೀನ್ ಒಂದೇ ಇಮ್ಮಡಿಯಾದ ಕುಟುಂಬಗಳಲ್ಲಿ ಕಾಯಿಲೆ ಚಿಕ್ಕ ವಯಸ್ಸಿಗೇ ಬರುತ್ತದೆ. 1991ರಲ್ಲಿ ಲಂಡನ್ನಿನಲ್ಲಿ ಅಲಿಸನ್ ಗೋಟ್, ಜಾನ್ ಹಾರ್ಡಿ ಮತ್ತು ಸಂಗಡಿಗರು ಎಪಿಪಿಯಲ್ಲೇ ಕಾಯಿಲೆ ತರುವ ಬದಲಾವಣೆಯನ್ನು ಗುರುತಿಸಿದರು. 1995ರಲ್ಲಿ ಪ್ರೆಸೆನಿಲಿನ್-1, ಪ್ರೆಸೆನಿಲಿನ್-2 ಜೀನುಗಳು ಸಿಕ್ಕವು. ಇವು ಗಾಮಾ-ಸೆಕ್ರಿಟೇಸ್‌ನ ಕತ್ತರಿಸುವ ಭಾಗವೇ ಎಂದು ಆಮೇಲೆ ತಿಳಿಯಿತು. ತೂಕ ಹೆಚ್ಚಿರುವ ಸಾಕ್ಷಿಯೆಂದರೆ 2012ರಲ್ಲಿ ಐಸ್‌ಲ್ಯಾಂಡ್‌ನಲ್ಲಿ ಸಿಕ್ಕದ್ದು: ಎಪಿಪಿಯಲ್ಲಿ ಬೀಟಾ-ಸೆಕ್ರಿಟೇಸ್ ಕತ್ತರಿಸುವ ಜಾಗದ ಪಕ್ಕದ ಒಂದೇ ಒಂದು ಬದಲಾವಣೆ ಅಮಿಲಾಯ್ಡ್ ಉತ್ಪಾದನೆಯನ್ನು ಸುಮಾರು ಶೇ 40ರಷ್ಟು ತಗ್ಗಿಸುತ್ತದೆ. ಅದನ್ನು ಹೊತ್ತವರಿಗೆ ಆಲ್ಝೈಮರ್‌ನಿಂದ ರಕ್ಷಣೆ ಸಿಗುತ್ತದೆ. ಹೆಚ್ಚಿದರೆ ರೋಗ, ತಗ್ಗಿದರೆ ರಕ್ಷಣೆ. ಕೇವಲ ಜೊತೆಗಿರುವ ವಸ್ತುವೊಂದು ಹೀಗೆ ಎರಡೂ ದಿಕ್ಕಿನಲ್ಲಿ ಸಾಕ್ಷಿ ನುಡಿಯಲಾರದು.

ಟೌ ಕಥೆ ಬೇರೆ. ನರಕೋಶದ ಉದ್ದನೆಯ ಬಾಲದುದ್ದಕ್ಕೂ ಸಾಮಾನು ಸಾಗಿಸುವ ಸೂಕ್ಷ್ಮನಳಿಕೆಗಳಿಗೆ ಅಂಟಿಕೊಂಡು ಅವುಗಳನ್ನು ನಿಭಾಯಿಸುವುದು ಟೌ ಕೆಲಸ. ವಯಸ್ಕರ ಮಿದುಳಿನಲ್ಲಿ ಅದರ ಆರು ರೂಪಗಳಿವೆ. ಫಾಸ್ಫೇಟ್ ಗುಂಪುಗಳು ಅತಿಯಾಗಿ ಅಂಟಿಕೊಂಡಾಗ ಟೌ ನಳಿಕೆಯಿಂದ ಕಳಚಿಕೊಂಡು ಕೋಶದ್ರವದಲ್ಲಿ ತಿರುಗುತ್ತದೆ, ತನ್ನಂಥವಕ್ಕೆ ಅಂಟಿಕೊಂಡು ಎಳೆಯಾಗುತ್ತದೆ. ಆ ಎಳೆಗಳೇ ಆಲ್ಝೈಮರ್ ಕಂಡ ಗೋಜಲು. 2017ರಲ್ಲಿ ಕೇಂಬ್ರಿಜ್‌ನಲ್ಲಿ ಮಿಷೆಲ್ ಗೊಡೆರ್ಟ್ ಮತ್ತು ಶೋರ್ಸ್ ಷೆರೆಸ್ ಅವರ ತಂಡ ರೋಗಿಯ ಮಿದುಳಿನಿಂದಲೇ ತೆಗೆದ ಎಳೆಗಳನ್ನು ಅತಿಶೀತ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಪರಮಾಣು ಮಟ್ಟದ ವಿವರದಲ್ಲಿ ನೋಡಿತು. ಎಳೆಯ ತಿರುಳು ಇಂಗ್ಲಿಷಿನ ಸಿ ಅಕ್ಷರದ ಆಕಾರದಲ್ಲಿತ್ತು. ಆಮೇಲೆ ಪರೀಕ್ಷಿಸಿದ ಇತರ ಆಲ್ಝೈಮರ್ ರೋಗಿಗಳಲ್ಲೂ ಅದೇ ಮಡಿಕೆ ಕಂಡಿತು. ಪಿಕ್ ಕಾಯಿಲೆಯಲ್ಲಿ, ಬಾಕ್ಸರ್‌ಗಳಿಗೆ ತಲೆಗೆ ಏಟು ಬಿದ್ದು ಬರುವ ಕಾಯಿಲೆಯಲ್ಲಿ ಅದೇ ಟೌ ಬೇರೆ ಮಡಿಕೆಗಳಲ್ಲಿತ್ತು. ಮಡಿಕೆ ಬೇರೆಯಾದರೆ ರೋಗವೂ ಬೇರೆ ಎಂಬ ಈ ಸಂಗತಿಗೆ ಮಹತ್ವವಿದೆ. ಒಂದು ಸಲ ಒಂದು ಮಡಿಕೆ ರೂಪುಗೊಂಡರೆ ಅದು ಹಾಲಿಗೆ ಬಿದ್ದ ಹೆಪ್ಪಿನ ಹಾಗೆ ಪಕ್ಕದ ಸರಿಯಾದ ಪ್ರೋಟೀನನ್ನೂ ತನ್ನ ರೂಪಕ್ಕೆ ತಿರುಗಿಸುತ್ತದೆ. ಹೀಗೆ ಟೌ ಒಂದು ನರಕೋಶದಿಂದ ಅದಕ್ಕೆ ಸಂಪರ್ಕವಿರುವ ಇನ್ನೊಂದಕ್ಕೆ ಹರಡುತ್ತದೆ. ಹೈಕೊ ಮತ್ತು ಇವಾ ಬ್ರಾಕ್ ದಂಪತಿ 1991ರಲ್ಲಿ ಈ ಹರಡುವಿಕೆಯನ್ನು ಆರು ಹಂತಗಳಲ್ಲಿ ಗುರುತಿಸಿದ್ದರು: ಕಪಾಲದ ಪಕ್ಕದ ಒಳಭಾಗದಲ್ಲಿರುವ ಎಂಟೊರೈನಲ್ ಪದರದ ಆಸುಪಾಸಿನಿಂದ ಹಿಪ್ಪೊಕ್ಯಾಂಪಸ್‌ಗೆ, ಅಲ್ಲಿಂದ ಹೊರಪದರದುದ್ದಕ್ಕೂ. ನೆನಪು ಮೊದಲು ಹೋಗಿ, ಭಾಷೆ ಮತ್ತು ವಿವೇಚನೆ ಆಮೇಲೆ ಹೋಗುವುದು ಈ ಹಾದಿಗೆ ಸರಿಯಾಗಿ ಹೊಂದುತ್ತದೆ.

ಇಲ್ಲಿ ಒಂದು ಬಲವಾದ ಆಕ್ಷೇಪವಿದೆ. ಅಮಿಲಾಯ್ಡ್ ಮೊದಲು ಕಾಣುವುದು ಹೊರಪದರದಲ್ಲಿ. ಟೌ ಮೊದಲು ಕಾಣುವುದು ಎಂಟೊರೈನಲ್ ಭಾಗದಲ್ಲಿ. ಹುಟ್ಟಿದ ಜಾಗವೇ ಬೇರೆಯಾದರೆ ಒಂದು ಇನ್ನೊಂದಕ್ಕೆ ಕಾರಣವಾಗುವುದು ಹೇಗೆ? ನಡುವಯಸ್ಸು ದಾಟಿದ ಬಹುತೇಕ ಎಲ್ಲರ ಎಂಟೊರೈನಲ್ ಭಾಗದಲ್ಲೂ ಒಂದಿಷ್ಟು ಟೌ ಗೋಜಲು ಇದ್ದೇ ಇರುತ್ತದೆ ಎಂಬುದು ಇದಕ್ಕೆ ಉತ್ತರದ ಮೊದಲ ಭಾಗ. ಅಮಿಲಾಯ್ಡ್ ಇಲ್ಲದವರಲ್ಲಿ ಅದು ಬಹುಮಟ್ಟಿಗೆ ಅಲ್ಲೇ ನಿಂತಿರುತ್ತದೆ. ಜೀವಂತ ವ್ಯಕ್ತಿಗಳ ಮಿದುಳಿನಲ್ಲಿ ಟೌ ನೋಡಬಲ್ಲ ಪೆಟ್ ಸ್ಕ್ಯಾನ್ ಬಂದ ಮೇಲೆ, ಈ ವಿಶಿಷ್ಟ ಟೌ ಹೊರಪದರಕ್ಕೆ ಹರಡಿರುವುದು ಮುಖ್ಯವಾಗಿ ಅಮಿಲಾಯ್ಡ್ ಮೊದಲೇ ಬೆಳೆದವರಲ್ಲಿ ಎಂದು ಸ್ಪಷ್ಟವಾಗಿದೆ. ಅಂದರೆ ಅಮಿಲಾಯ್ಡ್ ಟೌ ಗೋಜಲನ್ನು ಸೃಷ್ಟಿಸಬೇಕಿಲ್ಲ, ಇದ್ದದ್ದನ್ನು ಕಟ್ಟುಬಿಚ್ಚಿದರೆ ಸಾಕು. 2001ರಲ್ಲಿ ಎರಡು ತಂಡಗಳು ಇಲಿಗಳಲ್ಲಿ ಇದನ್ನೇ ತೋರಿಸಿದವು: ಮಾನವ ಟೌ ಇದ್ದ ಇಲಿಗಳಿಗೆ ಅಮಿಲಾಯ್ಡ್ ಸೇರಿಸಿದರೆ ಗೋಜಲು ಹೆಚ್ಚುತ್ತದೆ. ತಿರುಗಿಸಿ ನೋಡಿದರೆ ಹಾಗಾಗುವುದಿಲ್ಲ. 1998ರಲ್ಲಿ ಟೌ ಜೀನ್‌ನಲ್ಲೇ ದೋಷವಿರುವ ಕುಟುಂಬಗಳು ಪತ್ತೆಯಾದವು. ಅವರಿಗೆ ಗೋಜಲೂ ಬರುತ್ತದೆ, ಮಿದುಳಿನ ಮುಂಭಾಗ ಕ್ಷಯಿಸುವ ಡಿಮೆನ್ಶಿಯಾವೂ ಬರುತ್ತದೆ, ಆದರೆ ಅಮಿಲಾಯ್ಡ್ ನಿಕ್ಷೇಪ ಬರುವುದಿಲ್ಲ. ಕೊಲ್ಲಲು ಟೌ ಒಂದೇ ಸಾಕು ಎಂಬುದನ್ನು ಈ ಸಂಗತಿ ತೋರಿಸುತ್ತದೆ; ಅಮಿಲಾಯ್ಡ್ ಟೌಗಿಂತ ಮೇಲಿನ ಹಂತದ್ದು ಎಂಬುದಕ್ಕೂ ಇದು ಹೊಂದುತ್ತದೆ. ಇನ್ನು 2007ರ ಪ್ರಯೋಗವೊಂದರಲ್ಲಿ, ಅಮಿಲಾಯ್ಡ್ ತುಂಬಿದ ಇಲಿಗಳಲ್ಲಿ ಟೌ ಪ್ರಮಾಣವನ್ನು ಮಾತ್ರ ತಗ್ಗಿಸಿದಾಗ ನಿಕ್ಷೇಪ ಹಾಗೇ ಉಳಿದರೂ ಇಲಿಗಳ ನೆನಪು ಕೆಡಲಿಲ್ಲ.

ಇಲಿಯ ಪುರಾವೆ ಇಲಿಯದ್ದೇ ಎಂದು ತಳ್ಳಿಹಾಕುವವರಿಗೆ ಕೊಲಂಬಿಯಾದಲ್ಲಿ ಉತ್ತರವಿದೆ. ಆ ದೇಶದ ಆಂಟಿಯೋಕಿಯಾ ಪ್ರಾಂತದಲ್ಲಿ ಪ್ರೆಸೆನಿಲಿನ್-1ರ ಒಂದೇ ದೋಷವನ್ನು ತಲೆಮಾರುಗಳಿಂದ ಹೊತ್ತು ಬಂದ ದೊಡ್ಡ ಬಳಗವಿದೆ. ನರವಿಜ್ಞಾನಿ ಫ್ರಾನ್ಸಿಸ್ಕೊ ಲೊಪೆರಾ 1980ರ ದಶಕದಿಂದ 2024ರಲ್ಲಿ ತೀರಿಕೊಳ್ಳುವವರೆಗೂ ಈ ಬಳಗದ ಜೊತೆ ಕೆಲಸ ಮಾಡಿದರು. ಈ ದೋಷ ಇರುವವರಿಗೆ ನಲವತ್ತರ ನಡುವಿನಲ್ಲೇ ಮರೆವು ಶುರುವಾಗುತ್ತದೆ. ಆದರೆ 2019ರಲ್ಲಿ ವರದಿಯಾದ ಒಬ್ಬ ಮಹಿಳೆಗೆ ಎಪ್ಪತ್ತು ದಾಟುವವರೆಗೂ ಏನೂ ಆಗಿರಲಿಲ್ಲ. ಆಕೆಯ ಮಿದುಳಿನಲ್ಲಿ ಅಮಿಲಾಯ್ಡ್ ವಿಪರೀತ ಇತ್ತು, ಟೌ ಮಾತ್ರ ಬಹಳ ಕಡಿಮೆ. ಅಪೋ-ಇ ಜೀನ್‌ನ ಎರಡೂ ಪ್ರತಿಗಳಲ್ಲಿ ಕ್ರೈಸ್ಟ್‌ಚರ್ಚ್ ಎಂಬ ಅಪರೂಪದ ಬದಲಾವಣೆ ಆಕೆಗಿತ್ತು. ಅದೇ ಬದಲಾವಣೆಯ ಒಂದು ಪ್ರತಿ ಮಾತ್ರ ಇರುವ 27 ಸಂಬಂಧಿಕರಲ್ಲಿ ಮರೆವು ಸುಮಾರು ಐದು ವರ್ಷ ತಡವಾಗಿ ಬಂದದ್ದು 2024ರಲ್ಲಿ ಪ್ರಕಟವಾಯಿತು. ಒಬ್ಬ ವ್ಯಕ್ತಿಯ ಮೇಲೆ ಸಿದ್ಧಾಂತ ಕಟ್ಟಬಾರದು ಎಂಬ ಎಚ್ಚರ ಸರಿಯಾದದ್ದೇ. ಆದರೆ ಇಲ್ಲಿ ಒಬ್ಬರಲ್ಲಿ ಕಂಡದ್ದಕ್ಕೆ 27 ಜನರ ಅನುಭವ ಅದೇ ದಿಕ್ಕಿನಲ್ಲಿ ಬೆಂಬಲ ಕೊಟ್ಟಿದೆ. ಅಮಿಲಾಯ್ಡ್ ಶುರು ಮಾಡಿದ ಸರಣಿಯನ್ನು ಟೌ ತಲುಪುವ ಮುನ್ನ ತುಂಡರಿಸಬಹುದು, ತುಂಡರಿಸಿದರೆ ಮನುಷ್ಯರು ಚೆನ್ನಾಗಿ ಬದುಕುತ್ತಾರೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಸಿಕ್ಕಿಲ್ಲ.

ಅಮಿಲಾಯ್ಡ್ ಮತ್ತು ಟೌ ನಡುವಿನ ಕೊಂಡಿ ಏನು ಎಂಬುದೇ ಇಂದಿನ ಸಂಶೋಧನೆಯ ಹೃದಯ. ಅಪೋ-ಇ ಮಿದುಳಿನಲ್ಲಿ ಕೊಬ್ಬನ್ನು ಸಾಗಿಸುವ ಪ್ರೋಟೀನು. ಮುಖ್ಯವಾಗಿ ಆಸ್ಟ್ರೋಸೈಟ್ ಎಂಬ ಪಾಲಕ ಕೋಶಗಳು ತಯಾರಿಸುತ್ತವೆ. ಅದರ 299 ಅಮೈನೋ ಆಮ್ಲಗಳಲ್ಲಿ 112 ಮತ್ತು 158ನೆಯವುಗಳ ವ್ಯತ್ಯಾಸದಿಂದ ಇ2, ಇ3, ಇ4 ಎಂಬ ಮೂರು ರೂಪಗಳಾಗುತ್ತವೆ. 1993ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಅಲೆನ್ ರೋಸಸ್ ತಂಡ ಇ4 ಇರುವವರಲ್ಲಿ ಆಲ್ಝೈಮರ್ ಹೆಚ್ಚು ಎಂದು ತೋರಿಸಿತು. ಯೂರೋಪ್ ಮೂಲದವರಲ್ಲಿ ಒಂದು ಪ್ರತಿ ಇದ್ದರೆ ಅಪಾಯ ಸುಮಾರು ಮೂರು ಪಟ್ಟು, ಎರಡಿದ್ದರೆ ಎಂಟರಿಂದ ಹನ್ನೆರಡು ಪಟ್ಟು. ಇ2 ರಕ್ಷಣೆ ಕೊಡುತ್ತದೆ. ಇ4 ಇದ್ದಾಗ ಅಮಿಲಾಯ್ಡ್ ಬೇಗ ಹೆಪ್ಪುಗಟ್ಟುತ್ತದೆ, ನಿಧಾನವಾಗಿ ತೊಳೆದುಹೋಗುತ್ತದೆ. ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ ಕೂಡ ಇದೇ ಕೊಂಡಿಯಲ್ಲಿವೆ. 2013ರಲ್ಲಿ ಪತ್ತೆಯಾದ ಟ್ರೆಮ್2 ಜೀನ್‌ನ ಒಂದು ಬದಲಾವಣೆ ಆಲ್ಝೈಮರ್ ಅಪಾಯವನ್ನು ಸುಮಾರು ಮೂರು ಪಟ್ಟು ಹೆಚ್ಚಿಸುತ್ತದೆ. ಈ ಪ್ರೋಟೀನು ಸರಿಯಿದ್ದಾಗ ಮೈಕ್ರೋಗ್ಲಿಯಾ ನಿಕ್ಷೇಪದ ಸುತ್ತ ನೆರೆದು ಅದನ್ನು ಒತ್ತಾಗಿ ಕಟ್ಟಿಹಾಕುತ್ತವೆ; ಸರಿಯಿಲ್ಲದಾಗ ನಿಕ್ಷೇಪ ಸಡಿಲವಾಗಿ ಹರಡಿ ಸುತ್ತಲಿನ ನರತಂತುಗಳು ಊದಿಕೊಳ್ಳುತ್ತವೆ, ಅಲ್ಲೇ ಟೌ ಹೆಚ್ಚುತ್ತದೆ. 2022ರ ಹೊತ್ತಿಗೆ ಆಲ್ಝೈಮರ್‌ಗೆ ಸಂಬಂಧಿಸಿದ 75 ಜೀನ್ ತಾಣಗಳನ್ನು ಗುರುತಿಸಲಾಗಿತ್ತು. ಅವುಗಳಲ್ಲಿ ಅನೇಕವು ಕೆಲಸ ಮಾಡುವುದು ನರಕೋಶಗಳಲ್ಲಿ ಅಲ್ಲ, ಮೈಕ್ರೋಗ್ಲಿಯಾದಲ್ಲಿ. ಆದರೆ ಇದೇ ಕಾವಲು ಕೋಶಗಳು ಕಾಯಿಲೆ ಮುಂದುವರಿದಂತೆ ಹಾನಿಯನ್ನೂ ಮಾಡುತ್ತವೆ: ಬೆಳೆಯುವ ಮಿದುಳಿನಲ್ಲಿ ನರಕೋಶಗಳ ನಡುವಿನ ಬೇಡದ ಸಂಪರ್ಕಗಳನ್ನು, ಅಂದರೆ ಸಿನಾಪ್ಸ್‌ಗಳನ್ನು, ಕಿತ್ತುಹಾಕುವ ಪೂರಕ ಪ್ರೋಟೀನುಗಳ ವ್ಯವಸ್ಥೆ ಮತ್ತೆ ಜಾಗೃತವಾಗಿ, ಬೇಕಾದ ಸಿನಾಪ್ಸ್‌ಗಳನ್ನೂ ಅವು ನುಂಗತೊಡಗುತ್ತವೆ. ಹಾಗಾಗಿ ಈ ಕೋಶಗಳು ಎಬ್ಬಿಸುವ ಉರಿಯೂತ ಒಳ್ಳೆಯದೇ ಕೆಟ್ಟದ್ದೇ ಎಂಬ ಪ್ರಶ್ನೆಗೆ ಯಾವ ಹಂತದಲ್ಲಿ ಎಂದು ಮರುಪ್ರಶ್ನೆ ಹಾಕದೆ ಉತ್ತರ ಹೇಳಲಾಗದು.

ನೆನಪಿನ ಕುಸಿತಕ್ಕೆ ಅತಿ ಹತ್ತಿರದ ಸಂಬಂಧವಿರುವುದು ನಿಕ್ಷೇಪಗಳ ಸಂಖ್ಯೆಗಲ್ಲ, ನರಕೋಶಗಳು ಒಂದನ್ನೊಂದು ಮುಟ್ಟುವ ಸಿನಾಪ್ಸ್‌ಗಳ ನಾಶಕ್ಕೆ. ಅಮಿಲಾಯ್ಡ್‌ನ ಕರಗಬಲ್ಲ ಚಿಕ್ಕ ಗುಂಪುಗಳು ಸಿನಾಪ್ಸ್‌ನ ಕೆಲಸವನ್ನು ನೇರವಾಗಿ ಕೆಡಿಸುತ್ತವೆ. ನಳಿಕೆಗಳು ಕೆಟ್ಟಾಗ ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾಗಳು ಬಾಲದ ತುದಿ ಮುಟ್ಟುವುದಿಲ್ಲ. ಕೆಟ್ಟ ಪ್ರೋಟೀನುಗಳನ್ನು ಒಡೆಯುವ ಪ್ರೋಟಿಯಸೋಮ್ ಮತ್ತು ಲೈಸೋಸೋಮ್ ವ್ಯವಸ್ಥೆಗಳು ತುಂಬಿ ತುಳುಕುತ್ತವೆ.

ಈಗ ಅತಿ ಹೆಚ್ಚು ಕೇಳಿಬರುವ ಆಕ್ಷೇಪಕ್ಕೆ ಬರೋಣ. ಬುದ್ಧಿ ನೆಟ್ಟಗಿರುವ ವೃದ್ಧರಲ್ಲೂ ಸುಮಾರು ನಾಲ್ವರಲ್ಲಿ ಒಬ್ಬರ ಮಿದುಳಿನಲ್ಲಿ ಅಮಿಲಾಯ್ಡ್ ಇರುತ್ತದೆ. ಹಾಗಿದ್ದರೆ ಅದು ರೋಗಕಾರಕ ಹೇಗೆ? ಕಾಲವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಈ ಆಕ್ಷೇಪ ಸಾಕ್ಷಿಯಾಗಿ ಮಾರ್ಪಡುತ್ತದೆ. ಕಾಯಿಲೆ ಖಚಿತವಾಗಿ ಬರುವ ಕುಟುಂಬಗಳನ್ನು ಅಧ್ಯಯನ ಮಾಡಿದ ತಂಡ 2012ರಲ್ಲಿ ಪ್ರಕಟಿಸಿದ ಪ್ರಕಾರ, ಮರೆವು ಕಾಣಿಸುವ ನಿರೀಕ್ಷಿತ ವಯಸ್ಸಿಗೆ ಸುಮಾರು 25 ವರ್ಷ ಮುಂಚೆ ಮಿದುಳು-ಬೆನ್ನುಹುರಿ ದ್ರವದಲ್ಲಿ ಅಮಿಲಾಯ್ಡ್-42 ಇಳಿಯತೊಡಗುತ್ತದೆ, 15 ವರ್ಷ ಮುಂಚೆ ಸ್ಕ್ಯಾನ್‌ನಲ್ಲಿ ನಿಕ್ಷೇಪ ಕಾಣುತ್ತದೆ, 10 ವರ್ಷ ಮುಂಚೆ ಮಿದುಳು ಸಕ್ಕರೆ ಬಳಸುವುದು ತಗ್ಗುತ್ತದೆ. ನಿಕ್ಷೇಪವಿದ್ದೂ ಆರೋಗ್ಯವಾಗಿರುವ ವೃದ್ಧರಲ್ಲಿ ಕೆಲವರು ಕಾಯಿಲೆಯ ಮೌನ ಹಂತದಲ್ಲಿದ್ದಾರೆ. ಇನ್ನು ಕೆಲವರು ಆ ಹಂತ ದಾಟುವ ಮುನ್ನವೇ ಬೇರೆ ಕಾರಣದಿಂದ ತೀರಿಕೊಳ್ಳುತ್ತಾರೆ. ಅಮಿಲಾಯ್ಡ್ ಇರುವುದು ಕಾಯಿಲೆಗೆ ಅಗತ್ಯ, ಅದೊಂದೇ ಸಾಲದು. ಕಾರಣವೆಂದರೆ ಇದ್ದಕ್ಕಿದ್ದಂತೆ ಫಲ ಕೊಡಬೇಕು ಎಂಬ ನಿರೀಕ್ಷೆ ಮಾತ್ರ ಇಲ್ಲಿ ತಪ್ಪು.

ಔಷಧಗಳು ಸೋತಿವೆಯಲ್ಲವೇ ಎಂಬುದು ಮುಂದಿನ ಆಕ್ಷೇಪ. ಪಟ್ಟಿ ದೊಡ್ಡದಿದೆ, ಅದನ್ನು ಮರೆಮಾಚಬೇಕಿಲ್ಲ. ಮೊದಲ ಅಮಿಲಾಯ್ಡ್ ಲಸಿಕೆಯ ಪ್ರಯೋಗವನ್ನು ಸುಮಾರು ಶೇ 6ರಷ್ಟು ಜನರಿಗೆ ಮಿದುಳಿನ ಉರಿಯೂತ ಬಂದದ್ದರಿಂದ 2002ರಲ್ಲಿ ನಿಲ್ಲಿಸಬೇಕಾಯಿತು. ಗಾಮಾ-ಸೆಕ್ರಿಟೇಸ್ ತಡೆಯುವ ಸೆಮಾಗಾಸಿಸ್ಟಾಟ್ 2010ರಲ್ಲಿ ರೋಗಿಗಳ ಸ್ಥಿತಿಯನ್ನು ಇನ್ನೂ ಕೆಡಿಸಿತು. ಆ ಕಿಣ್ವ ಎಪಿಪಿಯನ್ನಷ್ಟೇ ಅಲ್ಲದೆ ದೇಹಕ್ಕೆ ಬೇಕಾದ ನಾಚ್ ಮುಂತಾದ ಅನೇಕ ಪ್ರೋಟೀನುಗಳನ್ನು ಕತ್ತರಿಸುವುದೇ ಅದಕ್ಕೆ ಕಾರಣವೆಂದು ಭಾವಿಸಲಾಗಿದೆ. ಬೀಟಾ-ಸೆಕ್ರಿಟೇಸ್ ತಡೆಯುವ ವೆರುಬೆಸಿಸ್ಟಾಟ್ ಕೂಡ ಕೈಕೊಟ್ಟಿತು. 2012ರಲ್ಲಿ ಸೋತ ಬಾಪಿನ್ಯೂಝುಮ್ಯಾಬ್ ಪ್ರಯೋಗದಲ್ಲಿ ಇ4 ಇಲ್ಲದವರ ಪೈಕಿ ಸ್ಕ್ಯಾನ್ ಮಾಡಿದವರಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚಿನವರಿಗೆ ಅಮಿಲಾಯ್ಡೇ ಇರಲಿಲ್ಲ. ಇಲ್ಲದ ವಸ್ತುವನ್ನು ತೆಗೆಯುವ ಔಷಧದಿಂದ ಏನನ್ನು ನಿರೀಕ್ಷಿಸುವುದು? ಎಲ್ಲಕ್ಕಿಂತ ಕಠಿಣ ಪ್ರಶ್ನೆ ಸೋಲನೆಝುಮ್ಯಾಬ್‌ನದು. ಮರೆವು ಇನ್ನೂ ಬಾರದವರಿಗೇ ಕೊಟ್ಟರೂ ಅದು ಕೆಲಸ ಮಾಡಲಿಲ್ಲ ಎಂದು 2023ರಲ್ಲಿ ಗೊತ್ತಾಯಿತು. ಆದರೆ ಅದು ಒಂಟಿ ತುಣುಕುಗಳಿಗೆ ಅಂಟುವ ಪ್ರತಿಕಾಯ. ಆ ಪ್ರಯೋಗದುದ್ದಕ್ಕೂ ಜನರ ಮಿದುಳಿನ ನಿಕ್ಷೇಪ ಏರುತ್ತಲೇ ಹೋಗಿತ್ತು. ನಿಕ್ಷೇಪವನ್ನು ನಿಜವಾಗಿ ಕರಗಿಸುವ ಲೆಕಾನೆಮ್ಯಾಬ್ ಮಾತ್ರ ಬೇರೆ ಫಲ ಕೊಟ್ಟಿತು: 1795 ಜನರಲ್ಲಿ 18 ತಿಂಗಳು ನಡೆದ ಪ್ರಯೋಗದಲ್ಲಿ ಕುಸಿತದ ವೇಗ ಶೇ 27ರಷ್ಟು ತಗ್ಗಿತು. 2023ರ ಜುಲೈನಲ್ಲಿ ಅಮೆರಿಕ ಅದಕ್ಕೆ ಪೂರ್ಣ ಮಂಜೂರಾತಿ ಕೊಟ್ಟಿತು, 2024ರ ಜುಲೈನಲ್ಲಿ ಡೊನಾನೆಮ್ಯಾಬ್‌ಗೆ. ಡೊನಾನೆಮ್ಯಾಬ್ ಪ್ರಯೋಗದಲ್ಲಿ ಟೌ ಕಡಿಮೆ ಅಥವಾ ಮಧ್ಯಮವಾಗಿದ್ದವರಿಗೆ ಹೆಚ್ಚು ಪ್ರಯೋಜನವಾಯಿತು, ಟೌ ಹೆಚ್ಚು ಹರಡಿದ್ದವರಿಗೆ ಅಷ್ಟಾಗಿ ಆಗಲಿಲ್ಲ. ಸರಣಿಯ ವಾದ ನಿರೀಕ್ಷಿಸುವುದು ಇದನ್ನೇ. ಹಾಗೆಂದು ಈ ಔಷಧಗಳನ್ನು ಹೊಗಳಿ ಅಟ್ಟಕ್ಕೇರಿಸುವುದೂ ಸಲ್ಲದು. ಲೆಕಾನೆಮ್ಯಾಬ್‌ನ ಶೇ 27 ಎಂದರೆ 18 ಅಂಕಗಳ ಅಳತೆಯಲ್ಲಿ 0.45 ಅಂಕ, ಮನೆಯವರ ಕಣ್ಣಿಗೆ ಬೀಳದೆ ಹೋಗಬಹುದಾದಷ್ಟು ಚಿಕ್ಕದು. ಸುಮಾರು ಶೇ 12.6ರಷ್ಟು ಜನರಿಗೆ ಮಿದುಳಿನಲ್ಲಿ ಊತ ಬಂದಿತು, ಇ4 ಎರಡು ಪ್ರತಿ ಇರುವವರಲ್ಲಿ ಮೂವರಲ್ಲಿ ಒಬ್ಬರಿಗೆ.

ಈ ಸಿದ್ಧಾಂತ ವಂಚನೆಯ ಮೇಲೆ ನಿಂತಿದೆ ಎಂಬ ಮಾತೂ ಹಬ್ಬಿದೆ. ಅಮಿಲಾಯ್ಡ್‌ನ ಒಂದು ವಿಶಿಷ್ಟ ಗುಂಪು ಇಲಿಗಳ ನೆನಪನ್ನು ಕೆಡಿಸುತ್ತದೆ ಎಂದು 2006ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಲೇಖನದ ಚಿತ್ರಗಳನ್ನು ತಿದ್ದಲಾಗಿದೆ ಎಂಬ ಆರೋಪ 2022ರಲ್ಲಿ ಬಂದಿತು, 2024ರಲ್ಲಿ ಲೇಖನವನ್ನು ಹಿಂತೆಗೆದುಕೊಳ್ಳಲಾಯಿತು. ವಿಜ್ಞಾನಕ್ಕೆ ಇದು ಕಳಂಕವೇ. ಆದರೆ ಮೇಲೆ ಹೇಳಿದ ವಂಶವಾಹಿ ಸಾಕ್ಷಿಗಳಲ್ಲಿ ಒಂದೂ ಆ ಲೇಖನವನ್ನು ಅವಲಂಬಿಸಿಲ್ಲ. ಅವುಗಳಲ್ಲಿ ಹಲವು ಅದಕ್ಕಿಂತ ಹತ್ತು ವರ್ಷಕ್ಕೂ ಹಳೆಯವು. ಇದಕ್ಕಿಂತ ಗಂಭೀರವಾದ ವೈಜ್ಞಾನಿಕ ಆಕ್ಷೇಪವೆಂದರೆ, ಪ್ರೆಸೆನಿಲಿನ್ ದೋಷಗಳಲ್ಲಿ ಅನೇಕವು ಕಿಣ್ವದ ಶಕ್ತಿಯನ್ನೇ ಕುಂದಿಸುತ್ತವೆ, ಹಾಗಾಗಿ ಕಾಯಿಲೆ ಬರುವುದು ಆ ಶಕ್ತಿಯ ಕೊರತೆಯಿಂದ, ಅಮಿಲಾಯ್ಡ್‌ನಿಂದಲ್ಲ ಎಂಬುದು. ಚೀನಾದ ಕೆಲವು ಕುಟುಂಬಗಳು ಇದಕ್ಕೆ ಉತ್ತರ ಕೊಡುತ್ತವೆ. ಅವರಲ್ಲಿ ಗಾಮಾ-ಸೆಕ್ರಿಟೇಸ್ ಜೀನುಗಳ ಒಂದು ಪ್ರತಿಯೇ ನಿಷ್ಕ್ರಿಯವಾಗಿದೆ ಎಂದು 2010ರಲ್ಲಿ ಪ್ರಕಟವಾಯಿತು; ಅವರಿಗೆ ಬಂದದ್ದು ಚರ್ಮದ ಕೀವುಗುಳ್ಳೆಗಳ ಹಠಮಾರಿ ಕಾಯಿಲೆ, ಮರೆವಲ್ಲ. ಜೀನ್‌ನ ಒಂದು ಪ್ರತಿ ಪೂರ್ತಿ ನಿಂತಷ್ಟಕ್ಕೆ ಆಲ್ಝೈಮರ್ ಬರುವುದಿಲ್ಲ. ಕಿಣ್ವ ಸವರುವುದನ್ನು ಅರ್ಧಕ್ಕೆ ಬಿಟ್ಟು ಉದ್ದನೆಯ ತುಣುಕುಗಳನ್ನು ಉಳಿಸಿದರೆ ಬರುತ್ತದೆ.

ಇಷ್ಟಾದರೂ ಸರಣಿಯ ವಾದಕ್ಕೆ ಒಂದು ನಿಜವಾದ ಮಿತಿ ಇದೆ. ಎಂಬತ್ತು ದಾಟಿದವರ ಡಿಮೆನ್ಶಿಯಾದಲ್ಲಿ ಆಲ್ಝೈಮರ್ ಒಂಟಿಯಾಗಿರುವುದು ಅಪರೂಪ. ಅಮೆರಿಕದಲ್ಲಿ ಡೇವಿಡ್ ಸ್ನೋಡನ್ 678 ಕ್ಯಾಥೊಲಿಕ್ ಸನ್ಯಾಸಿನಿಯರಲ್ಲಿ ನಡೆಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು: ಆಲ್ಝೈಮರ್ ಗುರುತುಗಳ ಜೊತೆಗೆ ಮಿದುಳಿನ ಆಳದ ಚಿಕ್ಕ ರಕ್ತನಾಳಗಳು ಕಟ್ಟಿದ ಗುರುತೂ ಇದ್ದವರಲ್ಲಿ, ಗುರುತುಗಳು ಮಾತ್ರ ಇದ್ದವರಿಗಿಂತ ಮರೆವು ಬಹಳ ಹೆಚ್ಚಾಗಿತ್ತು. ಹಾಗಾಗಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಕಿವುಡು ಮುಂತಾದವು ಅಣುಮಟ್ಟದ ಕಥೆಗೆ ಹೊರಗಿನವಲ್ಲ. ಇಂಥ 14 ಅಪಾಯಗಳನ್ನು ತಡೆದರೆ ಜಗತ್ತಿನ ಡಿಮೆನ್ಶಿಯಾದ ಶೇ 45ರವರೆಗೆ ತಪ್ಪಿಸಬಹುದು ಅಥವಾ ಮುಂದೂಡಬಹುದು ಎಂದು 2024ರ ಲ್ಯಾನ್ಸೆಟ್ ಆಯೋಗ ಅಂದಾಜಿಸಿದೆ.

ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನ, ಡಿಮೆನ್ಶಿಯಾದೊಂದಿಗೆ ಬದುಕುತ್ತಿದ್ದಾರೆ ಎಂಬುದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಅಂದಾಜು. ಹರಿಯಾಣದ ಬಲ್ಲಭ್‌ಗಢ ಹಳ್ಳಿಗಳಲ್ಲಿ ಹಿಂದೆ ನಡೆದ ಅಧ್ಯಯನದಲ್ಲಿ ಆಲ್ಝೈಮರ್ ಪ್ರಮಾಣ ಅಮೆರಿಕಕ್ಕಿಂತ ಬಹಳ ಕಡಿಮೆ ಕಂಡಿತ್ತು. ಅಲ್ಲಿನವರಲ್ಲಿ ಇ4 ಕೂಡ ಕಡಿಮೆ. ಆದರೆ ಇ4 ಇದ್ದವರಲ್ಲಿ ಅದರ ಅಪಾಯ ಎರಡೂ ಕಡೆ ಒಂದೇ ಬಗೆಯದ್ದಾಗಿತ್ತು. ಜಗತ್ತಿನ ಜೀನ್ ಮಾಹಿತಿಯ ಬಹುಪಾಲು ಯೂರೋಪ್ ಮೂಲದವರದ್ದು ಎಂಬ ಕೊರತೆಯನ್ನು ತುಂಬುವ ಕೆಲಸ ಕರ್ನಾಟಕದಲ್ಲೂ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾನವ ಮಿದುಳು ಭಂಡಾರ 1990ರ ದಶಕದಿಂದ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ ಸಾವಿರಾರು ಜನರನ್ನು ನಿಯಮಿತವಾಗಿ ಪರೀಕ್ಷಿಸುತ್ತ ಅವರ ರಕ್ತ, ಜೀನ್, ಮಿದುಳಿನ ಚಿತ್ರ, ನೆನಪಿನ ಶಕ್ತಿಯನ್ನು ದಾಖಲಿಸುತ್ತಿದೆ. ಓದು ಬಾರದವರಿಗೂ ಹೊಂದುವ ಪರೀಕ್ಷೆಗಳಿಲ್ಲದೆ, ಸಕ್ಕರೆ ಕಾಯಿಲೆ ಹೆಚ್ಚಿರುವ ನಮ್ಮ ಜನರಲ್ಲಿ ಅಮಿಲಾಯ್ಡ್ ಮತ್ತು ರಕ್ತನಾಳದ ಹಾನಿ ಹೇಗೆ ಕೂಡಿಕೊಳ್ಳುತ್ತವೆ ಎಂಬುದಕ್ಕೆ ಉತ್ತರ ಸಿಗುವುದಿಲ್ಲ. ಈ ದೃಷ್ಟಿಯಿಂದ ಇದು ಬಹಳ ಬೆಲೆಯುಳ್ಳ ಕೆಲಸ.

ಸರಣಿಯ ಮೊದಲ ಹಂತದಲ್ಲೇ ಕೈಹಾಕಬೇಕಾದರೆ ಆ ಹಂತವನ್ನು ಸುಲಭವಾಗಿ ಗುರುತಿಸುವ ದಾರಿ ಬೇಕು. ಟೌನ 217ನೆಯ ಸ್ಥಾನಕ್ಕೆ ಫಾಸ್ಫೇಟ್ ಅಂಟಿದ ರೂಪ ಅಮಿಲಾಯ್ಡ್ ಬೆಳೆಯುತ್ತಿದ್ದಂತೆ ರಕ್ತದಲ್ಲೂ ಏರುತ್ತದೆ. ಅದನ್ನು ಆಧರಿಸಿದ ರಕ್ತ ಪರೀಕ್ಷೆಯೊಂದಕ್ಕೆ ಅಮೆರಿಕ 2025ರ ಮೇನಲ್ಲಿ ಅನುಮತಿ ಕೊಟ್ಟಿದೆ. ಅದು ಮರೆವಿನ ಲಕ್ಷಣ ಇರುವ, 55 ದಾಟಿದವರಿಗೆ ಮಾತ್ರ. ಲಕ್ಷಣವೇ ಇಲ್ಲದವರು ಕುತೂಹಲಕ್ಕೆ ಮಾಡಿಸಿಕೊಳ್ಳುವಂಥದ್ದಲ್ಲ. ನಮ್ಮ ಮನೆಗಳಲ್ಲಿ ಮಾಡಬೇಕಾದ ಕೆಲಸ ಇನ್ನೂ ಸರಳವಾದದ್ದು. ಹಿರಿಯರಿಗೆ ಹೇಳಿದ್ದು ಅರ್ಧ ಗಂಟೆಯಲ್ಲಿ ಮರೆಯತೊಡಗಿದರೆ, ಪರಿಚಿತ ದಾರಿ ತಪ್ಪಿದರೆ, ಹಣದ ಲೆಕ್ಕ ಗೋಜಲಾದರೆ ಅರವತ್ತಕ್ಕೆ ಅರಳುಮರಳು ಎಂದು ಸುಮ್ಮನಾಗದೆ ನರರೋಗ ತಜ್ಞರಿಗೆ ತೋರಿಸಿ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಗಳೂ ಇದೇ ರೂಪದಲ್ಲಿ ಬರಬಹುದು. ಅವುಗಳಿಗೆ ಚಿಕಿತ್ಸೆ ಇವತ್ತೇ ಇದೆ.